ಉಪ್ಪಿನ ಪೊಟ್ಟಣದ ಮೇಲೆ ಒಂದು ತಾರೀಖು

ಬಳ್ಳಾರಿಯ ಸಂಜೆಗೆ ಒಗ್ಗರಣಿ-ಮಿರ್ಚಿ ಬೇಕೇ ಬೇಕು. ಆ ತಟ್ಟೆಯನ್ನು ಹತ್ತಿರದಿಂದ ನೋಡಿ. ಮಂಡಕ್ಕಿಯ ಅಕ್ಕಿ ಭಟ್ಟಿಯಲ್ಲಿ ಅರಳುವ ಮೊದಲೇ ಉಪ್ಪು ಹೀರಿರುತ್ತದೆ. ಒಗ್ಗರಣೆಗೆ ಮತ್ತೆ ಉಪ್ಪು. ಮಿರ್ಚಿಯ ಕಡಲೆಹಿಟ್ಟಿಗೆ ಉಪ್ಪು, ಜೊತೆಗೆ ಅಡುಗೆ ಸೋಡಾ, ಅದರಲ್ಲಿರುವುದೂ ಸೋಡಿಯಂ. ನಾಲಿಗೆಗೆ ಖಾರವಷ್ಟೇ ಗೊತ್ತಾಗುತ್ತದೆ, ಲೆಕ್ಕ ಇಡುವುದು ರಕ್ತನಾಳ. ಈ ಲೆಕ್ಕವನ್ನು ವೈದ್ಯವಿಜ್ಞಾನ ಅರಿತದ್ದು ನಿಧಾನವಾಗಿ.

1896ರಲ್ಲಿ ಇಟಲಿಯ ರಿವಾ-ರೋಚಿ ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ಅಳೆದರು. 1905ರಲ್ಲಿ ರಷ್ಯಾದ ಕೊರೊಟ್ಕೋವ್ ಆ ಪಟ್ಟಿಯ ಕೆಳಗೆ ಸ್ಟೆತಾಸ್ಕೋಪ್ ಇಟ್ಟು ನಾಡಿಯ ಸದ್ದು ಆಲಿಸಿದರು. ಅಳತೆ ಬಂತು, ಮದ್ದು ಬರಲಿಲ್ಲ. 1940ರ ದಶಕದಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವಾಲ್ಟರ್ ಕೆಂಪ್ನರ್ ತೀವ್ರ ರಕ್ತದೊತ್ತಡದ ರೋಗಿಗಳಿಗೆ ಉಪ್ಪಿಲ್ಲದ ಅನ್ನ ಮತ್ತು ಹಣ್ಣು ಕೊಟ್ಟು ಅನೇಕರ ಒತ್ತಡ ಇಳಿಸಿದರು. ತುಂಗಭದ್ರೆಯ ನೀರಿನಲ್ಲಿ ಭತ್ತ ಬೆಳೆಯುವ ಸಿರುಗುಪ್ಪದವರು ಇದನ್ನು ಗಮನಿಸಬೇಕು: ಗುಣ ಅಕ್ಕಿಯದಾಗಿರಲಿಲ್ಲ, ಉಪ್ಪು ಬಿಟ್ಟದ್ದರದಾಗಿತ್ತು.

ನಮ್ಮ ದೇಶದ ಕೊಡುಗೆಯೂ ಇದೆ. 1949ರಲ್ಲಿ ಮುಂಬೈನ ಡಾ. ರುಸ್ತುಂ ಜಾಲ್ ವಕೀಲ್ ಸರ್ಪಗಂಧದ ಬೇರಿನ ಪರಿಣಾಮವನ್ನು ಬ್ರಿಟಿಷ್ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದರು. ಅಲ್ಲಿಂದ ಗುಳಿಗೆಗಳ ಕಾಲ ಶುರುವಾಯಿತು, ಆಹಾರದ ಮಾತು ಹಿಂದೆ ಸರಿಯಿತು.

ಅದು ಮತ್ತೆ ಮುಂದೆ ಬಂದದ್ದು 1997ರಲ್ಲಿ. 'ಡ್ಯಾಶ್' ಎಂಬ ಅಮೆರಿಕದ ಪ್ರಯೋಗದಲ್ಲಿ 459 ಜನ ಭಾಗವಹಿಸಿದ್ದರು. ತರಕಾರಿ, ಹಣ್ಣು, ಕಡಿಮೆ ಕೊಬ್ಬಿನ ಹಾಲು-ಮೊಸರು ತಿಂದ ಬಿಪಿ ರೋಗಿಗಳಲ್ಲಿ ಮೇಲಿನ ಅಂಕಿ ಸರಾಸರಿ 11ರಷ್ಟು ಇಳಿಯಿತು. 2001ರಲ್ಲಿ ಅದೇ ಊಟದ ಜೊತೆ ಉಪ್ಪನ್ನೂ ತಗ್ಗಿಸಿದಾಗ ಒತ್ತಡ ಇನ್ನಷ್ಟು ಇಳಿಯಿತು. ಈ ಊಟ ನಮಗೆ ಹೊಸದಲ್ಲ. ಜೋಳದ ರೊಟ್ಟಿ, ಮೊಳಕೆ ಕಾಳಿನ ಪಲ್ಯ, ಹಸಿ ಮೆಂತ್ಯ-ಮೂಲಂಗಿ, ಉಪ್ಪು ಹಾಕದ ಮಜ್ಜಿಗೆ: ಇದೇ ನಮ್ಮ ಡ್ಯಾಶ್. ಅದನ್ನು ಕೆಡಿಸುವುದು ಪಕ್ಕದಲ್ಲಿ ಬಡಿಸುವ ಉಪ್ಪಿನಕಾಯಿ, ಹಪ್ಪಳ, ರಂಜಕ. ಮೆಣಸಿನಕಾಯಿ ಬೆಳೆಯುವ ಕುರುಗೋಡಿನ ಕಡೆಯವರಿಗೆ ಇದನ್ನು ಹೇಳಲೇಬೇಕು: ಖಾರ ನಿಮ್ಮ ವೈರಿಯಲ್ಲ, ಅದರ ಜೊತೆ ಬೆರೆತು ಬರುವ ಉಪ್ಪು ವೈರಿ.

ಊಟದಷ್ಟೇ ಮುಖ್ಯ ವ್ಯಾಯಾಮ, ಅದರ ಕಥೆ ಬಸ್ಸಿನಲ್ಲಿ ಶುರುವಾಯಿತು. 1953ರಲ್ಲಿ ಲಂಡನ್ನಿನ ಜೆರಿ ಮಾರಿಸ್, ದಿನವಿಡೀ ಕೂತೇ ಇರುವ ಚಾಲಕರಿಗಿಂತ ಡಬಲ್ ಡೆಕ್ಕರ್ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗೆ ಹೃದ್ರೋಗ ಕಡಿಮೆ ಎಂದು ತೋರಿಸಿದರು. ಇಂದು ಸಿರುಗುಪ್ಪದ ಗದ್ದೆಗೆ ಕೊಯ್ಲಿನ ಯಂತ್ರ ಬಂದಿದೆ, ಬಳ್ಳಾರಿಯ ಜೀನ್ಸ್ ಹೊಲಿಯುವವರು ಹಗಲಿಡೀ ಕೂತಿರುತ್ತಾರೆ. ವಾರಕ್ಕೆ 150 ನಿಮಿಷದ ಬಿರುಸು ನಡಿಗೆಯನ್ನು ನಾವೇ ಹುಡುಕಿಕೊಳ್ಳಬೇಕಾಗಿದೆ. ನಮ್ಮ ಬೇಸಿಗೆಯಲ್ಲಿ ಅದು ಬಿಸಿಲೇರುವ ಮೊದಲೇ ಮುಗಿಯಬೇಕು.

2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 35.5 ಮಂದಿಗೆ ಅಧಿಕ ರಕ್ತದೊತ್ತಡವಿದೆ. ಅದು ನೋವು ಕೊಡುವುದಿಲ್ಲ, ಆದ್ದರಿಂದ 30 ದಾಟಿದವರು ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಅಳೆಸಿಕೊಳ್ಳಬೇಕು. ಪಥ್ಯ ಮಾಡುತ್ತಿದ್ದೇನೆಂದು ಗುಳಿಗೆಯನ್ನು ತಾವಾಗಿಯೇ ನಿಲ್ಲಿಸಬಾರದು. ಪೊಟ್ಯಾಸಿಯಂ ಬೆರೆಸಿದ 'ಲೋ ಸೋಡಿಯಂ' ಉಪ್ಪನ್ನು ಮೂತ್ರಪಿಂಡದ ತೊಂದರೆಯವರು ವೈದ್ಯರನ್ನು ಕೇಳದೆ ಬಳಸಬಾರದು.

ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಉಪ್ಪಿನ ಮಿತಿ ಒಬ್ಬರಿಗೆ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ. ಹಾಗಾದರೆ ನಾಲ್ವರ ಮನೆಯಲ್ಲಿ ಒಂದು ಕಿಲೋ ಉಪ್ಪು 50 ದಿನ ಬರಬೇಕು. ಹೊರಗಿನ ತಿಂಡಿಯೂ ಇದ್ದರೆ ಇನ್ನೂ ಹೆಚ್ಚು ದಿನ. ಇವತ್ತು ಪೊಟ್ಟಣ ಒಡೆಯುವಾಗ ಅದರ ಮೇಲೆ ತಾರೀಖು ಬರೆದಿಡಿ. ಖಾಲಿಯಾದ ದಿನ ಲೆಕ್ಕ ಹಾಕಿ. ನೂರು ವರ್ಷದ ಸಂಶೋಧನೆ ನಿಮ್ಮ ಅಡುಗೆಮನೆಗೆ ಬಂದು ಕೇಳುವ ಪ್ರಶ್ನೆ ಅಷ್ಟೇ.