ವಿಜಯನಗರದ ಒಳಯುದ್ಧ ಮತ್ತು ಒಂದು ಚಂಪೂಕಾವ್ಯ

ತಿರುಮಲಾಂಬೆಯ ‘ವರದಾಂಬಿಕಾಪರಿಣಯ’ವು ಅಚ್ಯುತರಾಯನ ಮಗನಾದ ಬಾಲಕ ವೆಂಕಟಾದ್ರಿಯ ಯುವರಾಜಪಟ್ಟಾಭಿಷೇಕದೊಂದಿಗೆ ಮುಗಿಯುತ್ತದೆ. ಚರಿತ್ರೆಯು ಅಲ್ಲಿಗೆ ನಿಲ್ಲಲಿಲ್ಲ. 1542ರಲ್ಲಿ ಅಚ್ಯುತನು ಕಾಲವಾಗಲು, ಹಂಪೆಯ ರಾಜಧಾನಿಯಲ್ಲಿ ಅಧಿಕಾರವು ಆ ಬಾಲಕನ ಹೆಸರಿನಲ್ಲಿ ಅವನ ಸೋದರಮಾವ ಸಲಕರಾಜು ತಿರುಮಲನ ಕೈಸೇರಿತು. ಕೃಷ್ಣದೇವರಾಯನ ಅಳಿಯ ರಾಮರಾಯನು ಅಚ್ಯುತನ ಸೋದರನ ಮಗ ಸದಾಶಿವನ ಪಕ್ಷವನ್ನು ವಹಿಸಿದನು. ಬಿಜಾಪುರದ ಇಬ್ರಾಹಿಂ ಆದಿಲಶಾಹನಿಗೂ ಈ ಮನೆಜಗಳಕ್ಕೆ ಕರೆ ಹೋಯಿತು. ಕಡೆಗೆ ಮಾವನು ಸೋದರಳಿಯನನ್ನೇ ಕೊಲ್ಲಿಸಿದನು. 1543ರಲ್ಲಿ ರಾಮರಾಯನು ತಿರುಮಲನನ್ನು ಸೋಲಿಸಿ ಸದಾಶಿವನಿಗೆ ಪಟ್ಟ ಕಟ್ಟಿದನು. ಆದರೆ ರಾಜ್ಯವನ್ನಾಳಿದವನು ತಾನೇ.

ಯುದ್ಧವೃತ್ತಾಂತಗಳನ್ನು ಓದುವವರು ಗೆದ್ದವರಾರು, ಸೋತವರಾರು ಎಂದು ಎಣಿಸುವುದುಂಟು. ಅಂಥವರು ಈ ಚಂಪುವನ್ನೂ ಓದಬೇಕು. ಯಾರ ಹೆಸರಿನಲ್ಲಿ ಕತ್ತಿ ಹಿರಿದರೋ ಆ ಮಗುವು ಅಲ್ಲಿ ಇನ್ನೂ ತಾಯಿತಂದೆಗಳ ಮಡಿಲಿನಲ್ಲಿದೆ.