ಕ್ರಿಯಾಶೀಲ ಘಟಕಗಳು (ತ್ವಚೆಯ ಆರೈಕೆ)

ಕ್ರೀಮು, ಸೀರಮ್, ಮುಲಾಮುಗಳಲ್ಲಿ ಚರ್ಮದ ಮೇಲೆ ಗೊತ್ತಾದ ಕೆಲಸ ಮಾಡುವ ರಾಸಾಯನಿಕಕ್ಕೆ ಕ್ರಿಯಾಶೀಲ ಘಟಕವೆಂದು ಹೆಸರು. ಡಬ್ಬಿಯಲ್ಲಿ ಉಳಿದದ್ದೆಲ್ಲ, ಅಂದರೆ ನೀರು, ಎಣ್ಣೆ, ಮೇಣ, ಪರಿಮಳ, ಅದನ್ನು ಹೊತ್ತೊಯ್ಯುವ ವಾಹಕ. ಘಟಕ ಯಾವುದು ಎನ್ನುವಷ್ಟೇ ಎಷ್ಟಿದೆ, ಎಷ್ಟು ಹುಳಿಯಾಗಿದೆ ಎನ್ನುವುದೂ ಮುಖ್ಯ. ಅಡುಗೆಮನೆಯ ಮದ್ದುಗಳಲ್ಲೇ ಇದನ್ನು ನೋಡಬಹುದು.

ತುಮಕೂರು, ಗುಬ್ಬಿ, ಕುಣಿಗಲ್ ತೆಂಗಿನ ಸೀಮೆ; ಇದೇ ತುಮಕೂರು ಜಿಲ್ಲೆಯ ತಿಪಟೂರು ಕೊಬ್ಬರಿ ಮಾರುಕಟ್ಟೆಗೆ ಹೆಸರುವಾಸಿ. ಒಣಚರ್ಮಕ್ಕೆ ಇಲ್ಲಿ ಮೊದಲು ಕೈಗೆ ಬರುವುದು ಕೊಬ್ಬರಿ ಎಣ್ಣೆ. ಅದರ ಕೊಬ್ಬಿನಾಮ್ಲಗಳಲ್ಲಿ ಹೆಚ್ಚುಕಡಿಮೆ ಅರ್ಧ ಲಾರಿಕ್ ಆಮ್ಲ. ಮಾಗಿಯ ಚಳಿಗೆ ಬಿರಿದ ಕೈಕಾಲಿಗೆ ಸವರಿದರೆ ತೇವ ಆರದಂತೆ ಹಿಡಿಯುತ್ತದೆ. ಮೊಡವೆ ಏಳುವ ಮುಖಕ್ಕೆ ಸವರಿದರೆ ರಂಧ್ರ ಕಟ್ಟಿಕೊಳ್ಳಬಹುದು. ಮೊಸರಿನಲ್ಲಿರುವ ಲ್ಯಾಕ್ಟಿಕ್ ಆಮ್ಲ ಶೇ. 1ರ ಆಸುಪಾಸು, ಸತ್ತ ಪದರ ಸಡಿಲಿಸುವ ಸೀರಮ್‌ಗಳಲ್ಲಿ ಅದೇ ಆಮ್ಲ ಸಾಮಾನ್ಯವಾಗಿ ಶೇ. 5ರಿಂದ 10. ಅರಿಸಿನದ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದೇ ಕಷ್ಟ, ಬೆಳಕಿಗೆ ಬೇಗ ಕೆಡುತ್ತದೆ. ನಿಂಬೆರಸವನ್ನಂತೂ ಮುಖದಿಂದ ದೂರವಿಡಬೇಕು. ಅದರ ಪಿಎಚ್ 2ರ ಸುಮಾರು. ಸಾಲದ್ದಕ್ಕೆ ಸಿಪ್ಪೆಯಲ್ಲಿರುವ ಫ್ಯುರಾನೊಕೌಮರಿನ್‌ಗಳು ಬಿಸಿಲು ತಾಗಿದಾಗ ಚರ್ಮವನ್ನು ಸುಟ್ಟು ಕಪ್ಪು ಮಾಡುತ್ತವೆ. ಕಲೆ ಹೋಗಲೆಂದು ಹಚ್ಚಿದ್ದೇ ಕಲೆಯಾಗುತ್ತದೆ.

ಔಷಧ ಅಂಗಡಿಯ ಘಟಕಗಳಲ್ಲಿ ಹಳೆಯ ಪರಿಚಿತ ನಯಾಸಿನಮೈಡ್, ವಿಟಮಿನ್ ಬಿ3ರ ಒಂದು ರೂಪ. 1975ರಲ್ಲಿ ಫೇರ್ ಅಂಡ್ ಲವ್ಲಿಯಲ್ಲಿ ಬಂದದ್ದು ಇದೇ. 2020ರಲ್ಲಿ ಕ್ರೀಮಿನ ಹೆಸರು ಬದಲಾಯಿತು, ಈಗ ಘಟಕದ ಹೆಸರಿಗೇ ಗಿರಾಕಿಗಳಿದ್ದಾರೆ. ಇದು ಮೆಲನಿನ್ ತಯಾರಾಗುವುದನ್ನು ನಿಲ್ಲಿಸುವುದಿಲ್ಲ, ಮೇಲಿನ ಜೀವಕೋಶಗಳಿಗೆ ಅದು ಸಾಗುವುದನ್ನು ತಗ್ಗಿಸುತ್ತದೆ, ಹುಟ್ಟುಬಣ್ಣ ಬದಲಾಗದು. ಶೇ. 2ರಿಂದ 5 ಸಾಕು. ಸ್ಯಾಲಿಸಿಲಿಕ್ ಆಮ್ಲ ಎಣ್ಣೆಯಲ್ಲಿ ಕರಗುವುದರಿಂದ ರಂಧ್ರದೊಳಗಿನ ಜಿಡ್ಡಿಗೆ ಇಳಿಯುತ್ತದೆ. ರೆಟಿನಾಲ್, ಅಡಾಪಲೀನ್, ಟ್ರೆಟಿನಾಯಿನ್ ಒಂದೇ ಕುಟುಂಬದವು, ಗರ್ಭಿಣಿಯರಿಗೆ ಸಲ್ಲವು. ಅವರ ಮೊಡವೆ, ಕಲೆಗಳಿಗೆ ವೈದ್ಯರು ಅಜೆಲಾಯಿಕ್ ಆಮ್ಲ ಬರೆಯುವುದುಂಟು.

ಇವೆಲ್ಲಕ್ಕೂ ಮೊದಲಿನದು ಸನ್‌ಸ್ಕ್ರೀನ್. ತುಮಕೂರು ಇರುವುದು ಉತ್ತರ ಅಕ್ಷಾಂಶ 13 ಡಿಗ್ರಿ ದಾಟಿದ ಕಡೆ. ಏಪ್ರಿಲ್ ಕೊನೆಗೊಮ್ಮೆ, ಆಗಸ್ಟ್ ನಡುವಿಗೊಮ್ಮೆ ಸೂರ್ಯ ನಟ್ಟನಡು ನೆತ್ತಿಗೇ ಬರುತ್ತಾನೆ. ದಿನವೂ ಬೆಂಗಳೂರಿಗೆ ಓಡಾಡುವವರಿಗೆ ಬಸ್ಸಿನ ಕಿಟಕಿಯೂ ಪೂರ್ತಿ ಮರೆಯಲ್ಲ: ಗಾಜು ಯುವಿಬಿ ಕಿರಣವನ್ನು ತಡೆದು ಯುವಿಎಯನ್ನು ಬಹುಪಾಲು ಒಳಗೆ ಬಿಡುತ್ತದೆ. ಎಸ್‌ಪಿಎಫ್ ಅಂಕಿ ಮುಖ್ಯವಾಗಿ ಯುವಿಬಿಯ ಲೆಕ್ಕ. ಯುವಿಎಗೆ ಪಿಎ ಗುರುತು ನೋಡಬೇಕು. ಬಂಗು ಇರುವವರಿಗೆ ಐರನ್ ಆಕ್ಸೈಡ್ ಬೆರೆತ, ಮೈಬಣ್ಣದ ಸನ್‌ಸ್ಕ್ರೀನ್ ಹೆಚ್ಚು ಉಪಯುಕ್ತ, ಏಕೆಂದರೆ ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಕೆರಳಿಸುತ್ತದೆ.

ಬಹಳ ಹಾನಿ ಮಾಡಿರುವ ಕ್ರಿಯಾಶೀಲ ಘಟಕವೊಂದಿದೆ: ಅದು ಹಾಗೆಂದು ಗೊತ್ತಿಲ್ಲದೆಯೇ ಜನ ಹಚ್ಚುವ ಸ್ಟೀರಾಯ್ಡ್. 1975ರಲ್ಲೇ ಚರ್ಮವೈದ್ಯರಾದ ಕ್ಲಿಗ್‌ಮನ್ ಮತ್ತು ವಿಲ್ಲಿಸ್ ಹೈಡ್ರೊಕ್ವಿನೋನ್, ಟ್ರೆಟಿನಾಯಿನ್, ಸ್ಟೀರಾಯ್ಡ್ ಕೂಡಿಸಿದ ಮಿಶ್ರಣವೊಂದನ್ನು ರೂಪಿಸಿದ್ದರು. ವೈದ್ಯರ ಕಣ್ಣಳತೆಯಲ್ಲಿ ಕೆಲವು ವಾರ ಬಳಸಬೇಕಾದ ಇಂಥ ಮಿಶ್ರಣ ನಮ್ಮಲ್ಲಿ ನೆಂಟರ ಬಾಯಿಮಾತಿನ ಮೇಲೆ ವರ್ಷಗಟ್ಟಲೆ ನಡೆಯುವ ಫೇಸ್ ಕ್ರೀಮಾಯಿತು. ಮೊದಲ ವಾರಗಳಲ್ಲಿ ಮುಖ ತಿಳಿಯಾಗಿ ಹೊಳೆಯುತ್ತದೆ, ಮೋಸ ಅಲ್ಲಿಯೇ. ಆಮೇಲೆ ಚರ್ಮ ತೆಳುವಾಗಿ ಕೆಂಪು ರಕ್ತನಾಳಗಳು ಕಾಣುತ್ತವೆ, ಮೊಡವೆ, ಕೂದಲು ಬರುತ್ತವೆ. ಬಿಟ್ಟರೆ ಉರಿ, ಹಚ್ಚಿದರೆ ಶಮನ. 2018ರಲ್ಲಿ ಕೇಂದ್ರ ಸರ್ಕಾರ ಚರ್ಮಕ್ಕೆ ಹಚ್ಚುವ ಹಲವು ಸ್ಟೀರಾಯ್ಡ್‌ಗಳನ್ನು ವೈದ್ಯರ ಚೀಟಿ ಬೇಕಾದ ಶೆಡ್ಯೂಲ್ ಎಚ್‌ಗೆ ಸೇರಿಸಿತು. ಟ್ಯೂಬಿನ ಮೇಲೆ ಬೀಟಾಮೆಥಸೋನ್, ಮೊಮೆಟಸೋನ್, ಕ್ಲೊಬೆಟಸಾಲ್ ಎಂದಿದ್ದರೆ ಅದು ಸ್ಟೀರಾಯ್ಡ್. ಬಹಳ ಕಾಲ ಹಚ್ಚಿದವರು ಅದನ್ನು ಬಿಡುವಾಗಲೂ ಚರ್ಮವೈದ್ಯರನ್ನು ಕೇಳಬೇಕು.

ಬಳಕೆಯ ಕ್ರಮ ದೊಡ್ಡದೇನಲ್ಲ. ಹೊಸದನ್ನು ಮೊದಲು ಮೊಣಕೈ ಮಡಿಕೆಯಲ್ಲಿ ಕೆಲವು ದಿನ ಹಚ್ಚಿ ನೋಡಬೇಕು. ಒಂದು ಒಗ್ಗಿದ ಮೇಲೆ ಇನ್ನೊಂದು. ರೆಟಿನಾಲ್ ರಾತ್ರಿಗೆ, ಬಟಾಣಿ ಕಾಳಿನಷ್ಟು, ಮೊದಲಿಗೆ ವಾರಕ್ಕೆ ಎರಡು ಸಲ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಸೋಪಿನ ಶೇಷ ಮುಖಕ್ಕೆ ಅಂಟಿಕೊಂಡು ಚರ್ಮ ಬಿಗಿದುಕೊಳ್ಳುತ್ತದೆ. ಅಂಥ ಕಡೆ ಸೋಪಿಲ್ಲದ ಕ್ಲೆನ್ಸರ್ ಒಳ್ಳೆಯದು. ಮೇಲ್ಚರ್ಮ ಹೊಸದಾಗಲು ಸುಮಾರು ನಾಲ್ಕು ವಾರ ಬೇಕು, ಆದ್ದರಿಂದ ಫಲ ಕಾಣಲು ಎರಡು ಮೂರು ತಿಂಗಳು. ವಿಟಮಿನ್ ಸಿ ಸೀರಮ್ ಅಷ್ಟರೊಳಗೇ ಕಂದುಬಣ್ಣಕ್ಕೆ ತಿರುಗಿದರೆ ಗಾಳಿ, ಬೆಳಕಿಗೆ ಕೆಟ್ಟಿದೆ, ಎಸೆಯಬೇಕು.