ಆರು ಮುಚ್ಚಳಗಳ ಕತೆ

ಮದುರೆಯಿಂದ ಬೋಡಿನಾಯಕನೂರಿಗೆ ರೈಲು ಬಂದದ್ದು 1928ರಲ್ಲಿ. ಘಟ್ಟದ ಏಲಕ್ಕಿ, ಚಹಾ ಸಾಗಿಸಲು ಹಾಕಿದ ದಾರಿ ಅದು. ಎರಡನೇ ಮಹಾಯುದ್ಧದ ಕಾಲದಲ್ಲಿ ಹಳಿಯನ್ನೇ ಕಿತ್ತೊಯ್ದರು, ಐವತ್ತರ ದಶಕದಲ್ಲಿ ಮತ್ತೆ ಹಾಸಿದರು. ತಲೆಮಾರುಗಳಿಂದ ಮನೆಯೊಳಗೆ ಕನ್ನಡವನ್ನೇ ಆಡಿಕೊಂಡು ಬಂದ ಒಕ್ಕಲಿಗರಿರುವ ಕಂಬಂ ಕಣಿವೆಗೆ ಬೋಡಿ ನೆರೆಯೂರು. ಏಲಕ್ಕಿ ಹರಾಜಿಗೆ ಹೆಸರಾದ ಈ ಪಟ್ಟಣಕ್ಕೂ ಹಳೇ ಬ್ಯಾಟರಿಗೂ ಏನು ನಂಟು ಎಂದು ಕೇಳಿದರೆ, ರೈಲು ಬೋಗಿಯ ಅಡಿಗೆ ಬಗ್ಗಿ ನೋಡಬೇಕು.

ಹಳೆಯ ಬೋಗಿಗಳ ದೀಪಕ್ಕೆ ಕರೆಂಟು ಎಂಜಿನ್ನಿನಿಂದ ಬರುತ್ತಿರಲಿಲ್ಲ. ಚಕ್ರದ ಅಚ್ಚಿಗೆ ಬೆಲ್ಟು ಹಾಕಿ ಡೈನಮೋ ತಿರುಗಿಸುತ್ತಿದ್ದರು. ರೈಲು ಓಡುವಾಗ ಡೈನಮೋ ದೀಪ ಉರಿಸುತ್ತಲೇ ಬ್ಯಾಟರಿಯನ್ನೂ ತುಂಬುತ್ತಿತ್ತು. ರೈಲು ನಿಂತರೆ ಬೋಗಿಯಡಿಯ ಪೆಟ್ಟಿಗೆಯಲ್ಲಿ ಸಾಲಾಗಿ ಕೂತ ಹನ್ನೆರಡು ಸೀಸದ ಸೆಲ್ಲುಗಳ, 24 ವೋಲ್ಟಿನ ಬ್ಯಾಟರಿಯೇ ಗತಿ. ಇವತ್ತು ತಾರಸಿಯ ಮೇಲೆ ಪ್ಯಾನೆಲ್ ಹಾಕಿಸಿ ಕೆಳಗೆ ಬ್ಯಾಟರಿ ಇಟ್ಟುಕೊಂಡವರದ್ದೂ ಇದೇ ಸಂಸಾರ. ಹಗಲು ಬಂದದ್ದನ್ನು ಕೂಡಿಟ್ಟು ರಾತ್ರಿ ತೆಗೆದು ಖರ್ಚು ಮಾಡುವುದು. ಹಾಗಾಗಿ ಸೋಲಾರ್ ಬ್ಯಾಟರಿ ಪರೀಕ್ಷಿಸುವ ಕಸುಬು ಸೋಲಾರ್ ಜೊತೆ ಹುಟ್ಟಿದ್ದಲ್ಲ. ರೈಲ್ವೆ ಯಾರ್ಡು, ಬಸ್ ಡಿಪೋ, ರೇಡಿಯೋ ರಿಪೇರಿ ಅಂಗಡಿಗಳಲ್ಲಿ ಅದು ಮೊದಲೇ ಪಳಗಿತ್ತು.

ಮೂಲ ಇನ್ನೂ ಹಿಂದಿನದು. 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಎರಡು ಸೀಸದ ಹಾಳೆಗಳನ್ನು ಸುರುಳಿ ಸುತ್ತಿ ಗಂಧಕಾಮ್ಲದಲ್ಲಿ ಮುಳುಗಿಸಿದ. ಮತ್ತೆ ಮತ್ತೆ ತುಂಬಬಲ್ಲ ಮೊದಲ ಬ್ಯಾಟರಿ ಸಿಕ್ಕಿತು. 1881ರಲ್ಲಿ ಕಮೀಲ್ ಫೋರ್ ಸೀಸದ ಆಕ್ಸೈಡಿನ ಹಿಟ್ಟನ್ನು ಪ್ಲೇಟಿಗೆ ಮೆತ್ತಿ ಅದರ ಶಕ್ತಿ ಹೆಚ್ಚಿಸಿದ. ಆದರೆ ರಿಪೇರಿಯವನಿಗೆ ನಿಜವಾಗಿ ಉಪಕಾರ ಮಾಡಿದವರು ಮರುವರ್ಷ ಒಳಗಿನ ರಸಾಯನವನ್ನು ಬಿಡಿಸಿ ಹೇಳಿದ ಗ್ಲ್ಯಾಡ್‌ಸ್ಟನ್ ಮತ್ತು ಟ್ರೈಬ್. ಬ್ಯಾಟರಿ ಖಾಲಿಯಾಗುತ್ತ ಹೋದಂತೆ ಎರಡೂ ಪ್ಲೇಟುಗಳು ಸೀಸದ ಸಲ್ಫೇಟ್ ಆಗುತ್ತವೆ, ಆಮ್ಲ ಖರ್ಚಾಗಿ ನೀರು ಹೆಚ್ಚುತ್ತದೆ. ಅಂದರೆ ಆಮ್ಲ ಎಷ್ಟು ಗಟ್ಟಿ ಎಂದು ಅಳೆದರೆ ಒಳಗೆ ಎಷ್ಟು ಉಳಿದಿದೆ ಎಂದು ತಿಳಿಯಿತು. ರಬ್ಬರ್ ಬುರುಡೆ ಹಿಚುಕಿ ಆಸಿಡ್ ಎಳೆದುಕೊಳ್ಳುವ ಗಾಜಿನ ಕೊಳವೆ, ಒಳಗೆ ತೇಲುವ ಸಣ್ಣ ಕಡ್ಡಿ: ಹೈಡ್ರೋಮೀಟರ್ ಎಂಬ ಆ ಅಗ್ಗದ ಉಪಕರಣಕ್ಕೆ ಬೆಲೆ ಬಂದದ್ದು ಹೀಗೆ.

ನಮ್ಮ ಕಡೆ ಈ ಕಸುಬು ಊರೊಳಗೆ ಬಂದದ್ದು ಎರಡು ದಾರಿಯಲ್ಲಿ. ಒಂದು ರೇಡಿಯೋ. ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಆಕಾಶವಾಣಿ ಶುರುಮಾಡಿದ್ದು 1935ರಲ್ಲಿ. ಮದರಾಸು ನಿಲಯ 1938ರಲ್ಲಿ, ತಿರುಚಿನಾಪಳ್ಳಿಯದು 1939ರಲ್ಲಿ. ಕೇಳುವ ಹಂಬಲ ಹಳ್ಳಿಗೂ ಹಬ್ಬಿತು, ಕರೆಂಟು ಮಾತ್ರ ಹಬ್ಬಲಿಲ್ಲ. ವಾಲ್ವ್ ರೇಡಿಯೋಗೆ ಹಸಿವು ಜಾಸ್ತಿ. ಕರೆಂಟಿಲ್ಲದ ಕಡೆ ಬ್ಯಾಟರಿ ಹೊತ್ತು ಪೇಟೆಗೆ ಒಯ್ದು, ಚಾರ್ಜಿಗೆ ಕೊಟ್ಟು, ಮತ್ತೆ ಹೊತ್ತು ತರಬೇಕಾಗಿತ್ತು. ಚಾರ್ಜು ಮಾಡಿಕೊಟ್ಟ ಬ್ಯಾಟರಿ ಎರಡೇ ದಿನಕ್ಕೆ ಕೂತುಬಿಟ್ಟರೆ ತಪ್ಪು ರೇಡಿಯೋದ್ದೋ, ಬ್ಯಾಟರಿಯದ್ದೋ, ಚಾರ್ಜು ಮಾಡಿದವನದ್ದೋ? ಜಗಳ ಬಗೆಹರಿಸಲು ಹೈಡ್ರೋಮೀಟರೇ ಸಾಕ್ಷಿ. ಅರವತ್ತರ ದಶಕದಲ್ಲಿ ಟ್ರಾನ್ಸಿಸ್ಟರ್ ಬಂದು ಟಾರ್ಚಿನ ಸೆಲ್ಲಿನಲ್ಲೇ ಹಾಡತೊಡಗಿದಾಗ ಆ ವ್ಯಾಪಾರ ಸೊರಗಿತು.

ಇನ್ನೊಂದು ದಾರಿ ಬಸ್ಸು. ಟಿ.ವಿ. ಸುಂದರಂ ಅಯ್ಯಂಗಾರ್ ಮದುರೆಯಲ್ಲಿ ಬಸ್ ಓಡಿಸಲು ಆರಂಭಿಸಿದ್ದು 1912ರಲ್ಲಿ. ಕ್ಯಾಡಿಲಾಕ್ ಕಾರಿಗೆ ವಿದ್ಯುತ್ ಸ್ಟಾರ್ಟರ್ ಬಂದದ್ದೂ ಅದೇ ವರ್ಷ ಎಂಬುದು ಬರೀ ಕಾಕತಾಳೀಯ, ಆದರೆ ಮುಂದಿನ ದಶಕಗಳಲ್ಲಿ ಎರಡೂ ಒಂದಾದವು. ಹ್ಯಾಂಡಲ್ ಹಾಕಿ ತಿರುಗಿಸುವ ಕಾಲ ಮುಗಿದು ಪ್ರತಿ ಬಸ್ಸು, ಪ್ರತಿ ಲಾರಿಯೂ ಬೆಳಗಿನ ಒಂದು ಕಿಕ್ಕಿಗೆ ಬ್ಯಾಟರಿಯನ್ನು ನಂಬಿಕೊಂಡಿತು. ಆಮೇಲೆ ಬೋಡಿಯಿಂದ ಬೋಡಿಮೆಟ್ಟಿನ ತಿರುವುಗಳನ್ನು ಹತ್ತಿ ಏಲಕ್ಕಿ ತೋಟಗಳಿಗೆ ಆಳುಗಳನ್ನು ಒಯ್ಯುವ ಜೀಪುಗಳೂ ಬಂದವು. ಗ್ಯಾರೇಜಿನ ಮೂಲೆಯಲ್ಲಿ ಆಸಿಡ್ ವಾಸನೆಯ ಒಂದು ಜಾಗ, ಅಂಗಿಯ ತುಂಬ ಸಣ್ಣ ಸಣ್ಣ ತೂತು ಬಿದ್ದ ಒಬ್ಬ ಮನುಷ್ಯ ಖಾಯಂ ಆದರು.

ಆ ಕಾಲದ ಬ್ಯಾಟರಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಗಟ್ಟಿ ರಬ್ಬರಿನ ಕಪ್ಪು ಪೆಟ್ಟಿಗೆ, ಮೇಲೆ ಡಾಂಬರಿನ ಮೊಹರು, ಆರು ಮುಚ್ಚಳ. ಸೆಲ್ಲಿನಿಂದ ಸೆಲ್ಲಿಗೆ ಹೋಗುವ ಸೀಸದ ಪಟ್ಟಿಗಳು ಮೇಲೆಯೇ ಕಾಣುತ್ತಿದ್ದವು. ಎರಡು ಮೊನೆಯ ಫೋರ್ಕಿನಂಥ ಟೆಸ್ಟರನ್ನು ಪಟ್ಟಿಯ ಮೇಲೆ ಒತ್ತಿದರೆ ನಡುವಿನ ತಂತಿ ಕಾದು ಕೆಂಪಾಗುತ್ತಿತ್ತು, ಮುಳ್ಳು ಆ ಒಂದೇ ಸೆಲ್ಲಿನ ಬಲ ಹೇಳುತ್ತಿತ್ತು. ಒಂದು ಸೆಲ್ಲು ಮುಳ್ಳನ್ನು ಎತ್ತಿ ಹಿಡಿಯದೆ ಕುಸಿಯಿತೆಂದರೆ ಡಾಂಬರು ಕಾಯಿಸಿ ಅದೊಂದನ್ನೇ ಮೇಲೆತ್ತುತ್ತಿದ್ದರು. ಪಾಸಿಟಿವ್ ಪ್ಲೇಟು ಚಾಕೊಲೇಟ್ ಕಂದು, ನೆಗೆಟಿವ್ ಸ್ಲೇಟಿನ ಬೂದು ಇದ್ದರೆ ಜೀವವಿದೆ. ಬೆಳ್ಳಗೆ ಬೂಷ್ಟು ಹಿಡಿದಂತಿದ್ದರೆ ಸಲ್ಫೇಟ್ ಗಟ್ಟಿಯಾಗಿದೆ. ತಳದಲ್ಲಿ ಕಂದು ಕೆಸರು ಪ್ಲೇಟಿನ ಮಟ್ಟಕ್ಕೆ ಬಂದಿದ್ದರೆ ಒಳಗೇ ಶಾರ್ಟು. ಪ್ಲೇಟು ಬದಲಿಸಿ, ಸೀಸ ಕರಗಿಸಿ ಬೆಸೆದು, ಡಾಂಬರು ಹುಯ್ದು ವಾಪಸು ಕೊಡುತ್ತಿದ್ದರು. ಸೀಸದ ಹೊಗೆಯನ್ನು ಬರಿಮೂಗಿನಲ್ಲಿ ಕುಡಿದ ಆ ಕೈಗಳ ಆರೋಗ್ಯದ ಲೆಕ್ಕ ಇಟ್ಟವರು ಕಡಿಮೆ. ಹಳೇ ಕಸುಬನ್ನು ಹಾಡಿಹೊಗಳುವಾಗ ಇದನ್ನು ಮರೆಯುವುದು ಸರಿಯಲ್ಲ.

ನಂತರ ಪ್ಲಾಸ್ಟಿಕ್ ಪೆಟ್ಟಿಗೆ ಬಂತು. ಸೆಲ್ಲುಗಳ ಜೋಡಣೆ ಗೋಡೆಯೊಳಗೇ ಹೋಯಿತು, ಮೇಲ್ಗಡೆ ಪ್ಲಸ್ಸು ಮೈನಸ್ಸು ಎರಡೇ ತುದಿ ಉಳಿದವು. ಫೋರ್ಕಿನ ಟೆಸ್ಟರ್‌ಗೆ ಕೆಲಸವಿಲ್ಲ. ಪುಣ್ಯಕ್ಕೆ ಮುಚ್ಚಳಗಳು ಉಳಿದವು.

ಕರ್ನಾಟಕದಲ್ಲಿ ಸೋಲಾರ್ ಮನೆದೀಪ ಹರಡಿದ್ದು ಈ ಘಟ್ಟದಲ್ಲೇ. 1995ರಲ್ಲಿ ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ ಬೆಂಗಳೂರಿನಲ್ಲಿ ಸೆಲ್ಕೊ ಆರಂಭಿಸಿದರು. ಒಂದು ಸಣ್ಣ ಪ್ಯಾನೆಲ್, ನಾಲ್ಕು ದೀಪ, ಕೊಳವೆಯಂಥ ಪ್ಲೇಟಿನ ಒಂದು 12 ವೋಲ್ಟಿನ ಟ್ಯೂಬ್ಯುಲರ್ ಬ್ಯಾಟರಿ, ಬ್ಯಾಂಕಿನ ಸಾಲ. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ನೆರವಿನಿಂದ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳು ಬಡ್ಡಿ ಇಳಿಸಿ ಸಾವಿರಾರು ಮನೆಗಳಿಗೆ ಸೋಲಾರ್ ಸಾಲ ಕೊಟ್ಟವು. ಪ್ಯಾನೆಲ್ ಇಪ್ಪತ್ತು ವರ್ಷ ಸುಮ್ಮನೆ ಬಿಸಿಲು ಕಾಯುತ್ತದೆ; ಸಾಯುವುದು ಬ್ಯಾಟರಿ. ಅದರಲ್ಲೂ ಮಲೆನಾಡು, ಕರಾವಳಿಯ ಮಳೆಗಾಲ ಅದಕ್ಕೆ ಶತ್ರು. ವಾರಗಟ್ಟಲೆ ಮೋಡ, ಅರ್ಧ ಹೊಟ್ಟೆಯಲ್ಲೇ ಬಿದ್ದಿರುವ ಬ್ಯಾಟರಿ, ಪ್ಲೇಟಿನ ಮೇಲೆ ಕಲ್ಲಾಗುವ ಸಲ್ಫೇಟ್. ಮಾರಿ ಹೋದರೆ ಸಾಲದು, ಹೈಡ್ರೋಮೀಟರ್ ಹಿಡಿದು ಮನೆಗೆ ಬರುವವನು ಬೇಕು ಎಂಬ ಅರಿವು ಈ ವ್ಯವಹಾರಕ್ಕೆ ಬಂದದ್ದು ಇಲ್ಲಿಯೇ.

ಕಣಿವೆಯ ಕಡೆ ಅದೇ ಪಾಠ ಬೇರೆ ದಾರಿಯಲ್ಲಿ ಬಂತು. ಕಂಬಂ ಕಣಿವೆಯ ತಲೆಯಲ್ಲಿ, ಲೋವರ್ ಕ್ಯಾಂಪಿನಲ್ಲಿ, 1895ರ ಪೆರಿಯಾರ್ ಅಣೆಕಟ್ಟಿನ ನೀರು ಸುರಂಗ ದಾಟಿ ಬಂದು ವಿದ್ಯುತ್ತಾಗುತ್ತದೆ. ತೇನಿಯ ಬಯಲಿನಲ್ಲಿ ಗಾಳಿಯಂತ್ರಗಳಿವೆ. ಇಷ್ಟಿದ್ದೂ 2012ರ ಹೊತ್ತಿಗೆ ಚೆನ್ನೈ ಬಿಟ್ಟು ಉಳಿದ ತಮಿಳುನಾಡಿಗೆ ದಿನಕ್ಕೆ ಹತ್ತು ಗಂಟೆಗೂ ಮೀರಿ ಕತ್ತಲು. ಗಾಳಿ ಬಿದ್ದ ತಿಂಗಳಲ್ಲಂತೂ ಕೇಳುವುದೇ ಬೇಡ. ಕೈಲಾದವರು ಇನ್ವರ್ಟರ್ ಇಟ್ಟರು. 2011ರಲ್ಲಿ ಶುರುವಾದ ಸೌರ ಹಸಿರು ಮನೆ ಯೋಜನೆಯಲ್ಲಿ 300 ಚದರಡಿಯ ಮನೆಗಳನ್ನು ಸೋಲಾರ್ ದೀಪದ ಸಮೇತ ಸರ್ಕಾರವೇ ಕಟ್ಟಿಸಿಕೊಟ್ಟಿತು. ಮೂರ್ನಾಲ್ಕು ವರ್ಷಕ್ಕೆ ಬ್ಯಾಕಪ್ ಇಳಿದ ಇಂಥ ಬ್ಯಾಟರಿಗಳೇ ಸೆಕೆಂಡ್ ಹ್ಯಾಂಡ್ ಪೇಟೆಗೆ ಬರುವ ಸರಕು. ಇನ್ವರ್ಟರಿಗೆ ಸಾಲದ್ದು ನಾಲ್ಕು ಎಲ್ಇಡಿ ದೀಪಕ್ಕೆ ಸಾಕಲ್ಲ ಎಂಬುದು ಕೊಳ್ಳುವವನ ಲೆಕ್ಕ. ಲೆಕ್ಕ ತಪ್ಪೇನಲ್ಲ, ಪರೀಕ್ಷೆ ಮಾಡಿ ತಂದರೆ.

ಮೀಟರ್ ಹಚ್ಚಿ 12.4 ವೋಲ್ಟು ತೋರಿಸಿ ಮಾರುವವನನ್ನು ನಂಬುವ ಹಾಗಿಲ್ಲ, ಯಾಕೆಂದರೆ ಮೀಟರ್ ಸುಳ್ಳು ಹೇಳದೆಯೂ ಮೋಸ ಮಾಡಬಲ್ಲದು. ಸೆಲ್ಲಿನ ಆಸಿಡ್ ಸಾಂದ್ರತೆಗೆ 0.84 ಕೂಡಿಸಿದರೆ ಸುಮಾರಾಗಿ ಅದರ ವೋಲ್ಟೇಜು. ತುಂಬಿದ ಟ್ಯೂಬ್ಯುಲರ್‌ನಲ್ಲಿ 1.240, ಅಂದರೆ 2.08 ವೋಲ್ಟು, ಆರು ಸೆಲ್ಲಿಗೆ 12.48. ಈಗ ಐದು ಸೆಲ್ಲು ಚೆನ್ನಾಗಿದ್ದು ಒಂದು 1.150ಕ್ಕೆ ಬಿದ್ದಿದೆ ಎನ್ನಿ. ಒಟ್ಟು 12.39. ಕಡಿಮೆಯಾದದ್ದು ಬರೀ 0.09 ವೋಲ್ಟು! ಆದರೆ ಆ ಬ್ಯಾಟರಿ ಓಡುವುದು ಆ ಒಂದು ಸೆಲ್ಲು ಓಡುವಷ್ಟೇ ಹೊತ್ತು. ಆರೂ ಮುಚ್ಚಳ ತೆಗೆದು ಆರೂ ಸೆಲ್ಲು ನೋಡುವ ಹಳೆಯ ಪದ್ಧತಿಯ ಅರ್ಥ ಇದು. ಎಳೆದ ಆಸಿಡ್ ತಿಳಿಯಾಗಿದೆಯೋ ಕಂದಾಗಿದೆಯೋ ಎಂಬುದೂ ಗಾಜಿನಲ್ಲೇ ಕಾಣುತ್ತದೆ. ಒಂದು ಎಚ್ಚರಿಕೆಯೂ ಬೇಕು. ನಿಧಾನವಾಗಿ ಚಾರ್ಜಾಗುವ ಸೋಲಾರ್ ಬ್ಯಾಟರಿಯಲ್ಲಿ ಗಟ್ಟಿ ಆಸಿಡ್ ತಳಕ್ಕಿಳಿದು ಮೇಲಿನದು ತೆಳುವಾಗಿರುತ್ತದೆ. 14.4 ವೋಲ್ಟಿನ ತನಕ ಏರಿಸಿ ಗುಳ್ಳೆ ಬರಿಸಿ ಕಲಕಿದ ಮೇಲೆ, ಕೆಲವು ಗಂಟೆ ಸುಮ್ಮನೆ ಬಿಟ್ಟು ನೋಡಿದ್ದಕ್ಕೆ ಮಾತ್ರ ಬೆಲೆ.

ಲಾರಿಯ ಹಳೇ ಬ್ಯಾಟರಿ ಅಗ್ಗಕ್ಕೆ ಸಿಗುತ್ತದೆಂದು ಸೋಲಾರಿಗೆ ಹಾಕುವವರೂ ಇದ್ದಾರೆ. ಅದರ ತೆಳು ಪ್ಲೇಟು ಕ್ಷಣಕಾಲ ನೂರಾರು ಆಂಪಿಯರ್ ಕೊಡಲು ಮಾಡಿದ್ದು. ರಾತ್ರಿಯಿಡೀ ಹಿಂಡಿದರೆ ಬೇಗ ಉದುರುತ್ತದೆ.

ಮುಂದೆ ಮುಚ್ಚಳವೂ ಹೋಯಿತು. ಮೊಬೈಲ್ ಟವರು, ಯುಪಿಎಸ್‌ಗಳಿಂದ ಹೊರಬೀಳುವ ಬ್ಯಾಟರಿಗಳಿಗೆ ಸೀಲು. ನೀರು ಹಾಕುವಂತಿಲ್ಲ, ಆಸಿಡ್ ಎಳೆಯುವಂತಿಲ್ಲ. ಎಪ್ಪತ್ತರ ದಶಕದಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದ ಕೀತ್ ಚಾಂಪ್ಲಿನ್ ರೂಪಿಸಿದ ವಾಹಕತೆ ಅಳೆಯುವ ವಿಧಾನ ಈಗ ಅಂಗೈ ಗಾತ್ರದ ಟೆಸ್ಟರಾಗಿದೆ. ಕ್ಲಿಪ್ ಹಾಕಿದರೆ ಕ್ಷಣದಲ್ಲಿ ಶೇಕಡಾವಾರು ಬರುತ್ತದೆ. ವಾಹನದ ಬ್ಯಾಟರಿಗೆ ಅದು ಒಳ್ಳೆಯ ಸಾಧನ. ರಾತ್ರಿಯಿಡೀ ನಿಧಾನವಾಗಿ ಕೊಡಬೇಕಾದ ಬ್ಯಾಟರಿ ಎಷ್ಟು ಗಂಟೆ ಕೊಟ್ಟೀತು ಎಂಬ ಪ್ರಶ್ನೆಗೆ ಅದರ ಉತ್ತರ ಅಂದಾಜು ಮಾತ್ರ.

ಗಂಟೆ ಗೊತ್ತಾಗಬೇಕಾದರೆ ಗಂಟೆಯನ್ನೇ ಎಣಿಸಬೇಕು. ಪೂರ್ತಿ ಚಾರ್ಜು ಮಾಡಿ, 55 ವಾಟಿನ ಎರಡು ಹೆಡ್‌ಲೈಟ್ ಬಲ್ಬು ಹಚ್ಚಿಟ್ಟರೆ ಸುಮಾರು 9 ಆಂಪಿಯರ್ ಎಳೆಯುತ್ತವೆ. 150 ಆಂಪಿಯರ್-ಅವರ್ ಎಂದು ಬರೆದ ಬ್ಯಾಟರಿ ಗಟ್ಟಿಯಾಗಿದ್ದರೆ ಹದಿನಾರು ಗಂಟೆ ಉರಿಸಬೇಕು. ಏಳನೇ ಗಂಟೆಗೇ 10.5 ವೋಲ್ಟಿಗೆ ಇಳಿಯಿತೆಂದರೆ ಉಳಿದಿರುವುದು ಅರವತ್ತರ ಆಸುಪಾಸು. ಅಷ್ಟಕ್ಕೆ ಬೆಲೆ ಕಟ್ಟುವಾಗ ಗುಜರಿಯ ತಕ್ಕಡಿಯೂ ಪಕ್ಕದಲ್ಲಿರುತ್ತದೆ: ಸತ್ತ ಬ್ಯಾಟರಿಯ ಸೀಸಕ್ಕೂ ಕಿಲೋ ಲೆಕ್ಕದಲ್ಲಿ ದುಡ್ಡಿದೆ. 2001ರ ಬ್ಯಾಟರಿ ನಿಯಮಗಳೂ, ಅವುಗಳ ಜಾಗಕ್ಕೆ ಬಂದ 2022ರ ನಿಯಮಗಳೂ ಹಳೆಯದನ್ನು ವಾಪಸು ಪಡೆದು ನೋಂದಾಯಿತ ಮರುಬಳಕೆ ಘಟಕಕ್ಕೆ ಮುಟ್ಟಿಸುವ ಹೊಣೆಯನ್ನು ತಯಾರಕರ ಮೇಲೆ ಹಾಕಿವೆ. ಮಾರುವವನು ಗುಜರಿ ದರಕ್ಕಿಂತ ಕೆಳಗಿಳಿಯುವುದಿಲ್ಲ. ಕೊಳ್ಳುವವನು ಎರಡು ಬಲ್ಬು ಕೇಳಿ ತರಿಸಿ, ಗಡಿಯಾರ ನೋಡಿಕೊಂಡು, ಅಂಗಡಿಯ ಬೆಂಚಿನ ಮೇಲೆ ಕೂರುತ್ತಾನೆ.